ಲಿಗ್ನಾನ್ ಎಂದರೇನು? ಎಳ್ಳು, ಅಗಸೆ, ಜಾಕಾಯಿಯಲ್ಲಿ ಅದು ಎಲ್ಲಿ ಕೂತಿದೆ, ಮೈಗೆ ಹೇಗೆ ಹತ್ತುತ್ತದೆ

ಸಂಕ್ರಾಂತಿ ಹತ್ತಿರ ಬಂತೆಂದರೆ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಅಂಗಡಿಗಳ ಮುಂದೆ ಬಿಳಿ ಎಳ್ಳು, ಕೊಬ್ಬರಿ, ಅಚ್ಚುಬೆಲ್ಲ ರಾಶಿ ಬೀಳುತ್ತವೆ. ಈಚೆಗೆ ಅವುಗಳ ಪಕ್ಕದಲ್ಲೇ ಅಗಸೆ ಬೀಜದ ಪೊಟ್ಟಣ, ಗಾಣದ ಎಳ್ಳೆಣ್ಣೆಯ ಬಾಟಲಿ ಬಂದು ಕೂತಿವೆ. ಕೆಲವುದರ ಮೇಲೆ ‘ಲಿಗ್ನಾನ್ ಸಮೃದ್ಧ’ ಎಂದು ಅಚ್ಚಾಗಿರುತ್ತದೆ. ಔಷಧದ ಅಂಗಡಿಯಲ್ಲಿ ಇದೇ ಹೆಸರಿನ ಕ್ಯಾಪ್ಸೂಲ್ ಸಿಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಂತೂ ಮುಟ್ಟಿನ ತೊಂದರೆಯಿಂದ ಹಿಡಿದು ಬಿ.ಪಿ.ವರೆಗೆ ಎಲ್ಲದಕ್ಕೂ ಇದೇ ಮದ್ದು.

ಕೊಳ್ಳುವವರಿಗೆ ಮಾತ್ರ ಈ ಪದ ಏನೆಂದು ಯಾರೂ ಬಿಡಿಸಿ ಹೇಳುವುದಿಲ್ಲ. ವಿಟಮಿನ್ನೇ? ನಾರೇ? ಹಾರ್ಮೋನೇ? ಮೂರೂ ಅಲ್ಲ. ಯಾವ ಕಾಳಿನಲ್ಲಿ ಎಷ್ಟಿದೆ ಎಂಬ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಅದು ಕಾಳಿನ ಸಿಪ್ಪೆಯಲ್ಲಿದೆಯೋ ಎಣ್ಣೆಯಲ್ಲಿದೆಯೋ, ಹುರಿದರೆ ಉಳಿಯುತ್ತದೋ ಹೋಗುತ್ತದೋ, ಹೊಟ್ಟೆಯಲ್ಲಿ ಅದರ ಗತಿ ಏನು ಎಂಬುದು ಗೊತ್ತಿಲ್ಲದಿದ್ದರೆ ಆ ಪಟ್ಟಿಯಿಂದ ಅಡುಗೆಮನೆಗೆ ಏನೂ ಪ್ರಯೋಜನವಿಲ್ಲ.

ಲಿಗ್ನಿನ್ ಬೇರೆ, ಲಿಗ್ನಾನ್ ಬೇರೆ

ಮೊದಲು ಈ ಎರಡು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ಸಿಲ್ವರ್ ಓಕ್ ಮರ ನೆಟ್ಟಗೆ ನಿಲ್ಲುವುದು, ಕಾಫಿ ಗಿಡದ ಬುಡ ಕೊಡಲಿಗೂ ಸುಲಭಕ್ಕೆ ಬಗ್ಗದಿರುವುದು ಲಿಗ್ನಿನ್‌ನಿಂದ. ಮರದ ನಾರುಗಳ ನಡುವೆ ಗಾರೆಯಂತೆ ತುಂಬಿಕೊಂಡು ಅವುಗಳನ್ನು ಬಿಗಿಯುವ ವಸ್ತು ಅದು. ಸಾವಿರಾರು ತುಣುಕುಗಳು ಅಡ್ಡಾದಿಡ್ಡಿ ಬೆಸೆದುಕೊಂಡ ದೊಡ್ಡ ಜಾಲ. ಅದು ನಮಗೆ ಜೀರ್ಣವಾಗುವುದಿಲ್ಲ.

ಆ ಜಾಲದ ಒಂದೊಂದು ತುಣುಕನ್ನು ಒಂದು ಸೌಟು ಎಂದುಕೊಳ್ಳಿ. ಸೌಟಿನ ಬಟ್ಟಲು ಎಂದರೆ 6 ಇಂಗಾಲದ ಪರಮಾಣುಗಳ ಉಂಗುರ. ಹಿಡಿ ಎಂದರೆ 3 ಇಂಗಾಲದ ಸರಪಳಿ. ಗಿಡ ಇಂಥ ಸೌಟುಗಳನ್ನು ತನ್ನೊಳಗೆ ತಯಾರಿಸುತ್ತಲೇ ಇರುತ್ತದೆ. ಸಾವಿರಾರು ಸೌಟು ಬೆಸೆದರೆ ಲಿಗ್ನಿನ್. ಎರಡೇ ಎರಡು ಸೌಟು ತೆಗೆದುಕೊಂಡು, ಎರಡರ ಹಿಡಿಯನ್ನೂ ನಟ್ಟನಡುವೆ ಸೇರಿಸಿ ಕಟ್ಟಿದರೆ ಲಿಗ್ನಾನ್. ಹಿಡಿಯ ನಡುವೆಯೇ ಗಂಟು ಬೀಳಬೇಕು ಎಂಬುದು ಇಲ್ಲಿ ಮುಖ್ಯ. ಗಂಟು ಬೇರೆ ಕಡೆ ಬಿದ್ದರೆ ಅದನ್ನು ನಿಯೋಲಿಗ್ನಾನ್ ಎನ್ನುತ್ತಾರೆ. ಲಿಗ್ನಾನ್ ಎಂಬ ಹೆಸರು ಬಂದದ್ದು 1936ರಲ್ಲಿ. ಇಟ್ಟವರು ಬ್ರಿಟನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ಹಾವರ್ತ್.

ಈ ಸೌಟಿನ ಲೆಕ್ಕ ಮನಸ್ಸಿನಲ್ಲಿದ್ದರೆ ಸಾಂಬಾರ ಡಬ್ಬಿಯ ಅರ್ಧ ರಸಾಯನಶಾಸ್ತ್ರ ತಿಳಿದಂತೆ. ಲವಂಗದ ಖಾರದ ಘಮ ಬರುವುದು ಯೂಜೆನಾಲ್‌ನಿಂದ. ಅದು ಒಂಟಿ ಸೌಟು. ಅರಿಸಿನದ ಹಳದಿ ಬಣ್ಣದ ಕರ್ಕ್ಯುಮಿನ್‌ಗೂ ಎರಡು ಬಟ್ಟಲುಗಳಿವೆ. ಆದರೆ ಅವುಗಳ ನಡುವೆ ಇರುವುದು 7 ಇಂಗಾಲದ ಒಂದೇ ಉದ್ದ ಹಿಡಿ. ಹಾಗಾಗಿ ಅದು ಲಿಗ್ನಾನ್ ಅಲ್ಲ. ಕಾಳುಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್‌ನಲ್ಲಿ ಸಾರಜನಕವಿದೆ; ಅದು ಆಲ್ಕಲಾಯ್ಡ್ ಗುಂಪಿನದು. ‘ಅರಿಸಿನದ ಲಿಗ್ನಾನ್’, ‘ಮೆಣಸಿನ ಪೈಪರಿನ್ ಲಿಗ್ನಾನ್’ ಎಂಬ ಮಾತು ಎಲ್ಲಾದರೂ ಕಂಡರೆ ಬರೆದವರಿಗೆ ವಿಷಯ ಗೊತ್ತಿಲ್ಲ ಎಂದು ಧಾರಾಳವಾಗಿ ತಿಳಿಯಬಹುದು.

ಗಿಡಕ್ಕೆ ಇದರಿಂದ ಏನು ಉಪಯೋಗ?

ನಮ್ಮ ಆರೋಗ್ಯಕ್ಕೆಂದು ಗಿಡ ಲಿಗ್ನಾನ್ ಮಾಡುವುದಿಲ್ಲ. ಕೀಟ, ಶಿಲೀಂಧ್ರಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಮಾಡುತ್ತದೆ. ಅದಕ್ಕೇ ಲಿಗ್ನಾನ್ ಸಿಗುವುದು ಕಾವಲು ಬೇಕಾದ ಜಾಗಗಳಲ್ಲಿ: ಬೀಜದಲ್ಲಿ, ಬೀಜದ ಸಿಪ್ಪೆಯಲ್ಲಿ, ಬೇರಿನಲ್ಲಿ, ಮರದ ಗಂಟಿನಲ್ಲಿ. ಯುರೋಪಿನ ಸ್ಪ್ರೂಸ್ ಮರದ ಕೊಂಬೆ ಹೊರಡುವ ಗಂಟುಗಳಲ್ಲಿ ಲಿಗ್ನಾನ್ ಎಷ್ಟು ದಟ್ಟವಾಗಿರುತ್ತದೆಂದರೆ, ಅದನ್ನು ಅಲ್ಲಿಂದ ತೆಗೆದು ಕ್ಯಾಪ್ಸೂಲಿಗೂ ತುಂಬುತ್ತಾರೆ.

ಈ ಕಾವಲು ಹೇಗೆ ನಡೆಯುತ್ತದೆ ಎಂಬುದಕ್ಕೆ ಎಳ್ಳಿನಲ್ಲಿರುವ ಸೆಸಮಿನ್ ಎಂಬ ಲಿಗ್ನಾನ್ ಒಳ್ಳೆಯ ಉದಾಹರಣೆ. ಸೇವಂತಿಗೆಯ ಜಾತಿಯ ಹೂವಿನಿಂದ ತೆಗೆಯುವ ಪೈರೆತ್ರಮ್ ಎಂಬ ಕೀಟನಾಶಕಕ್ಕೆ ಎಳ್ಳೆಣ್ಣೆ ಬೆರೆಸಿದರೆ ಅದರ ಬಲ ಹೆಚ್ಚುತ್ತದೆ ಎಂಬುದು 1940ರ ಸುಮಾರಿಗೆ ಕಂಡುಬಂತು. ಎಳ್ಳೆಣ್ಣೆ ತಾನಾಗಿ ಕೀಟವನ್ನು ಕೊಲ್ಲುವುದಿಲ್ಲ. ಮೈಗೆ ಸೇರಿದ ವಿಷವನ್ನು ಒಡೆದು ಹೊರಹಾಕಲು ಕೀಟದಲ್ಲಿ ಕೆಲವು ಕಿಣ್ವಗಳಿರುತ್ತವೆ. ಸೆಸಮಿನ್ ಆ ಕಿಣ್ವಗಳ ಬಾಯಿಗೆ ಬೆಣೆ ಹೊಡೆದಂತೆ ಅಡ್ಡ ಕೂರುತ್ತದೆ. ವಿಷ ಒಡೆಯದೆ ಉಳಿಯುತ್ತದೆ, ಕೀಟ ಸಾಯುತ್ತದೆ. ಇಂದು ಪೈರೆತ್ರಮ್‌ನ ವಿಷಾಂಶವಾದ ಪೈರೆತ್ರಿನ್ ಇರುವ ಎಷ್ಟೋ ಕೀಟನಾಶಕಗಳಲ್ಲಿ ಸೇರಿಸುವ ಪೈಪರೊನೈಲ್ ಬ್ಯುಟಾಕ್ಸೈಡ್ ಇದೇ ಉಪಾಯದ ಮುಂದುವರಿಕೆ. ಈ ‘ಬೆಣೆ’ಯನ್ನು ನೆನಪಿಟ್ಟುಕೊಳ್ಳಿ. ಕ್ಯಾಪ್ಸೂಲಿನ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಎಳ್ಳು: ಎಣ್ಣೆಯೊಳಗೆ ಕೂತ ಲಿಗ್ನಾನ್

ಅರಸೀಕೆರೆ, ಕಡೂರಿನ ಬಯಲು ಹೊಲಗಳಲ್ಲಿ ಮುಂಗಾರು ಇನ್ನೂ ಕಾಲಿಡುವ ಮೊದಲು ಬೀಳುವ ಮಳೆಗೆ ಬಿತ್ತುವ ಎಳ್ಳು ಲಿಗ್ನಾನ್ ವಿಷಯದಲ್ಲಿ ಜಗತ್ತಿನ ಅತಿ ಸಮೃದ್ಧ ಕಾಳುಗಳಲ್ಲಿ ಒಂದು. ಅದರ ಮುಖ್ಯ ಲಿಗ್ನಾನ್‌ಗಳು ಎರಡು: ಸೆಸಮಿನ್ ಮತ್ತು ಸೆಸಮೋಲಿನ್. 100 ಗ್ರಾಂ ಎಳ್ಳಿನಲ್ಲಿ ಸೆಸಮಿನ್ ನೂರಾರು ಮಿಲಿಗ್ರಾಂ ಇರುತ್ತದೆ. ಎಷ್ಟು ನೂರು ಎಂಬುದು ತಳಿ, ನೆಲ, ಹವೆಯನ್ನು ಅವಲಂಬಿಸಿದೆ. ಕರಿ ಎಳ್ಳಿನಲ್ಲಿ ಹೆಚ್ಚು, ಬಿಳಿ ಎಳ್ಳಿನಲ್ಲಿ ಕಡಿಮೆ ಎಂಬ ನಂಬಿಕೆ ಇದೆ. ಆದರೆ ಬಣ್ಣ ನೋಡಿ ಸೆಸಮಿನ್ ಅಳೆಯಲಾಗದು. ಕೆಲವು ತಳಿಗಳ ಹೋಲಿಕೆಯಲ್ಲಿ ಕರಿ ಎಳ್ಳು ಮುಂದಿದ್ದರೆ ಇನ್ನು ಕೆಲವುದರಲ್ಲಿ ಬಿಳಿಯದೇ ಮುಂದು.

ಸೆಸಮಿನ್ ಕೊಬ್ಬಿನಲ್ಲಿ ಕರಗುವ ವಸ್ತು. ಎಳ್ಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ. ಸೆಸಮಿನ್ ಆ ಎಣ್ಣೆಯೊಳಗೆ ಇರುತ್ತದೆ. ಇದರಿಂದ ಎರಡು ವಿಷಯ ತಿಳಿಯುತ್ತದೆ.

ಒಂದು, ಎಳ್ಳುಬೆಲ್ಲಕ್ಕೆಂದು ಸಿಪ್ಪೆ ತೆಗೆದ ಬಿಳಿ ಎಳ್ಳು ಬಳಸಿದರೆ ಸೆಸಮಿನ್ ಹೆಚ್ಚೇನೂ ನಷ್ಟವಾಗುವುದಿಲ್ಲ. ಸಿಪ್ಪೆಯ ಜೊತೆ ಹೋಗುವುದು ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ನಾರು. ಅದರಲ್ಲೂ ಸಿಪ್ಪೆಯ ಕ್ಯಾಲ್ಸಿಯಂ ಬಹುಪಾಲು ಆಕ್ಸಲೇಟ್ ರೂಪದಲ್ಲಿರುವುದರಿಂದ ಮೈಗೆ ಹತ್ತುವುದು ಕಡಿಮೆ.

ಎರಡು, ಗಾಣದಲ್ಲಿ ಎಳ್ಳು ಅರೆದಾಗ ಸೆಸಮಿನ್ ಎಣ್ಣೆಯ ಜೊತೆಗೇ ಇಳಿದು ಬರುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಟೀ ಚಮಚ ಎಳ್ಳೆಣ್ಣೆ ಸುಮಾರು 4.5 ಗ್ರಾಂ ತೂಗುತ್ತದೆ. ಎಣ್ಣೆಯಲ್ಲಿ ಶೇ 0.4ರಷ್ಟು ಸೆಸಮಿನ್ ಇದ್ದರೆ ಒಂದು ಚಮಚಕ್ಕೆ 18 ಮಿಲಿಗ್ರಾಂ. ಹಿಂಡಿ ಬರಿದಾಗುತ್ತದೆ ಎಂದಲ್ಲ. ಸಕ್ಕರೆಯ ಅಣುಗಳನ್ನು ಮೈಗೆ ಅಂಟಿಸಿಕೊಂಡು ನೀರಿನಲ್ಲಿ ಕರಗುವಂತಾದ ಇನ್ನೊಂದು ಬಗೆಯ ಎಳ್ಳು ಲಿಗ್ನಾನ್ ಎಣ್ಣೆಗೆ ಇಳಿಯದೆ ಹಿಂಡಿಯಲ್ಲೇ ಉಳಿಯುತ್ತದೆ. ಅದು ದನಕ್ಕೆ ಹೋಗುತ್ತದೆ.

ಎಳ್ಳೆಣ್ಣೆ ಬೇಗ ಕಮಟಾಗುವುದಿಲ್ಲ ಎಂಬುದನ್ನು ಉಪ್ಪಿನಕಾಯಿ ಹಾಕುವವರು ಬಲ್ಲರು. ಅದರ ಕಾರಣವೂ ಇಲ್ಲೇ ಇದೆ. ಎಳ್ಳು ಹುರಿದಾಗ, ಕಾವು 180 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿದರೆ, ಸೆಸಮೋಲಿನ್ ಒಡೆದು ಸೆಸಮೋಲ್ ಎಂಬ ಚಿಕ್ಕ ಅಣು ಹೊರಬರುತ್ತದೆ. ಎಣ್ಣೆಯನ್ನು ಗಾಳಿಯ ಆಮ್ಲಜನಕದಿಂದ ಕಾಯುವ ಕೆಲಸದಲ್ಲಿ ಇದು ಬಹಳ ಗಟ್ಟಿಗ. ಹುರಿದ ಎಳ್ಳಿನ ಎಣ್ಣೆ ಹಸಿ ಎಳ್ಳಿನ ಎಣ್ಣೆಗಿಂತ ಹೆಚ್ಚು ದಿನ ತಡೆಯುವುದರಲ್ಲಿ ಇದರ ಪಾಲು ದೊಡ್ಡದು. ಕಾರ್ಖಾನೆಯಲ್ಲಿ ರಿಫೈನ್ ಮಾಡುವಾಗ ಕಥೆ ಬದಲಾಗುತ್ತದೆ. ಬಣ್ಣ ತೆಗೆಯಲು ಬಳಸುವ ಆಮ್ಲಯುಕ್ತ ಜೇಡಿಯ ಸಂಪರ್ಕದಲ್ಲಿ ಸೆಸಮೋಲಿನ್ ಬೇರೆ ರೂಪಕ್ಕೆ ತಿರುಗುತ್ತದೆ. ವಾಸನೆ ತೆಗೆಯುವ ಹಂತದಲ್ಲಿ ಸೆಸಮೋಲ್ ಆವಿಯಾಗಿ ಹೋಗುತ್ತದೆ.

ಮನೆಯಲ್ಲಿ ಹುರಿಯುವ ಕ್ರಮ ಹೀಗಿರಲಿ. ದಪ್ಪ ತಳದ ಬಾಣಲೆ, ಸಣ್ಣ ಉರಿ. ಒಂದು ಸಲಕ್ಕೆ 100 ಗ್ರಾಂಗಿಂತ ಹೆಚ್ಚು ಹಾಕಬೇಡಿ. ಹಾಕಿದರೆ ತಳದ ಎಳ್ಳು ಸೀಯುವ ಹೊತ್ತಿಗೂ ಮೇಲಿನದು ಹಸಿಯಾಗಿಯೇ ಇರುತ್ತದೆ. ಕೈ ಬಿಡದೆ ಕೆದಕುತ್ತಿರಿ. 4–5 ನಿಮಿಷಕ್ಕೆ ಎಳ್ಳು ಚಟಪಟ ಎಂದು ಸಿಡಿಯತೊಡಗುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಆಗಲೇ ಒಲೆ ಆರಿಸಿ, ಬೇರೆ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ತಳದ ಕಾವಿಗೆ ಎಳ್ಳು ಇನ್ನೂ ಹುರಿಯುತ್ತಲೇ ಇರುತ್ತದೆ. ಕಂದು ಬಣ್ಣ ದಾಟಿ ಕಹಿ ಬಂದರೆ ಸೆಸಮಿನ್ ಕೂಡ ಕಡಿಮೆಯಾಗತೊಡಗಿದೆ ಎಂದು ತಿಳಿಯಬಹುದು.

ಇನ್ನೊಂದು ಮಾತು. ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡಾಗ ಎಳ್ಳು ಹಲ್ಲಿಗೆ ಸಿಗದೆ ಜಾರಿಬಿಡುತ್ತದೆ. ಒಡೆಯದ ಎಳ್ಳು ಹೊಟ್ಟೆಯಿಂದಲೂ ಹಾಗೆಯೇ ಹೊರಟುಹೋಗುತ್ತದೆ. ನಾಗರ ಪಂಚಮಿಗೆ ತಂಬಿಟ್ಟಿನ ಜೊತೆ ಮಾಡುವ ಚಿಗಳಿಯಲ್ಲಿ ಹುರಿದ ಎಳ್ಳನ್ನು ಬೆಲ್ಲದ ಜೊತೆ ಎಣ್ಣೆ ಜಿನುಗುವವರೆಗೆ ಕುಟ್ಟುತ್ತಾರೆ. ಲಿಗ್ನಾನ್ ದೃಷ್ಟಿಯಿಂದ ಎಳ್ಳುಬೆಲ್ಲಕ್ಕಿಂತ ಚಿಗಳಿಯೇ ಮೇಲು. ಎಳ್ಳುಬೆಲ್ಲ ತಿನ್ನುವಾಗ ಚೆನ್ನಾಗಿ ಅಗಿದರೆ ಸಾಕು.

ಹುಚ್ಚೆಳ್ಳಿನ ಹೆಸರಲ್ಲಿ ಎಳ್ಳಿದ್ದರೂ ಅದು ಸೂರ್ಯಕಾಂತಿಯ ಕುಟುಂಬದ ಗಿಡ. ಅದರ ಚಟ್ನಿಗೆ ಅದರದೇ ರುಚಿ, ಅದರದೇ ಗುಣ. ಎಳ್ಳಿಗೆ ಹೇಳಿದ ಅಂಕಿಗಳನ್ನು ಅದಕ್ಕೆ ಅಂಟಿಸಬಾರದು.

ತುಪ್ಪದ ಕಲಬೆರಕೆ ಹಿಡಿಯುವ ಗುಲಾಬಿ ಬಣ್ಣ

ಎಳ್ಳಿನ ಲಿಗ್ನಾನ್ ನಮ್ಮ ದೇಶದಲ್ಲಿ ಬಹುಕಾಲದಿಂದ ಒಂದು ಸಾರ್ವಜನಿಕ ಕೆಲಸ ಮಾಡುತ್ತ ಬಂದಿದೆ. ವನಸ್ಪತಿ, ಅಂದರೆ ತುಪ್ಪದಂತೆ ಗಟ್ಟಿಯಾಗಿಸಿದ ಡಾಲ್ಡಾದಂಥ ಸಸ್ಯದ ಎಣ್ಣೆ, ತಯಾರಿಸುವವರು ಅದರಲ್ಲಿ ಶೇ 5ರಷ್ಟಾದರೂ ಎಳ್ಳೆಣ್ಣೆ ಸೇರಿಸಬೇಕೆಂದು ಸರ್ಕಾರ ನಿಯಮ ಮಾಡಿತು. ಅದು ರುಚಿಗಾಗಿ ಅಲ್ಲ. ತುಪ್ಪಕ್ಕೆ ಯಾರಾದರೂ ವನಸ್ಪತಿ ಬೆರೆಸಿದರೆ ಸಿಕ್ಕಿಬೀಳಲಿ ಎಂದು.

ಇದಕ್ಕೆ ಬೌಡೂಯಿನ್ ಪರೀಕ್ಷೆ ಎಂದು ಹೆಸರು. ಪ್ರಯೋಗಾಲಯದಲ್ಲಿ ಕರಗಿಸಿದ ತುಪ್ಪಕ್ಕೆ ಅಷ್ಟೇ ಪ್ರಮಾಣದ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ, ಕೆಲವು ಹನಿ ಫರ್ಫ್ಯೂರಾಲ್ ದ್ರಾವಣ ಹಾಕಿ ಕುಲುಕುತ್ತಾರೆ. ಆಮ್ಲವು ಸೆಸಮೋಲಿನ್ ಅನ್ನು ಒಡೆದು ಸೆಸಮೋಲ್ ಮಾಡುತ್ತದೆ. ಸೆಸಮೋಲ್ ಫರ್ಫ್ಯೂರಾಲ್ ಜೊತೆ ಸೇರಿದರೆ ಗುಲಾಬಿ ಕೆಂಪು. ಕೊಳವೆಯನ್ನು ನಿಲ್ಲಲು ಬಿಟ್ಟಾಗ ಕೆಳಗೆ ಇಳಿಯುವ ಆಮ್ಲದ ಪದರದಲ್ಲಿ ಆ ಬಣ್ಣ ಕಂಡರೆ ತುಪ್ಪದಲ್ಲಿ ಎಳ್ಳೆಣ್ಣೆಯ ಅಂಶವಿದೆ, ಬಹುಮಟ್ಟಿಗೆ ವನಸ್ಪತಿ ಇದೆ ಎಂದು ಅರ್ಥ.

ಪರೀಕ್ಷೆಯ ಮಿತಿಗಳೂ ಗೊತ್ತಿರಬೇಕು. ಎಳ್ಳೆಣ್ಣೆ ಇಲ್ಲದ ತಾಳೆ ಎಣ್ಣೆಯನ್ನೋ ಪ್ರಾಣಿಗಳ ಕೊಬ್ಬನ್ನೋ ಬೆರೆಸಿದ್ದರೆ ಇದು ಹಿಡಿಯುವುದಿಲ್ಲ. ಬಣ್ಣ ಬರಲಿಲ್ಲ ಎಂದ ಮಾತ್ರಕ್ಕೆ ತುಪ್ಪ ಶುದ್ಧ ಎನ್ನುವಂತಿಲ್ಲ. ಎಳ್ಳೆಣ್ಣೆ ಇಟ್ಟಿದ್ದ ಪಾತ್ರೆಯನ್ನು ಸರಿಯಾಗಿ ತೊಳೆಯದೆ ತುಪ್ಪ ತುಂಬಿದರೂ ಗುಲಾಬಿ ಬರಬಹುದು. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಪ್ರಬಲ ಆಮ್ಲದ ಹೊಗೆಯೊಂದೇ ಕಣ್ಣು, ಶ್ವಾಸಕೋಶ ಎರಡನ್ನೂ ಸುಡಲು ಸಾಕು.

ಅಗಸೆ: ಸಿಪ್ಪೆಯೊಳಗೆ ಕೂತ ಲಿಗ್ನಾನ್

ಎಳ್ಳಿಗೂ ಅಗಸೆಗೂ ಲಿಗ್ನಾನ್ ವಿಷಯದಲ್ಲಿ ಪೂರ್ವ ಪಶ್ಚಿಮದಷ್ಟು ಅಂತರ. ಅಗಸೆಯ ಲಿಗ್ನಾನ್‌ಗೆ ಸೆಕೊಐಸೊಲಾರಿಸಿರೆಸಿನಾಲ್ ಡೈಗ್ಲುಕೋಸೈಡ್ ಎಂದು ಉದ್ದನೆಯ ಹೆಸರು. ಎಸ್‌ಡಿಜಿ ಎಂದು ಚಿಕ್ಕದಾಗಿ ಕರೆಯುತ್ತಾರೆ. ಎರಡು ಸೌಟುಗಳ ಜೋಡಿಗೆ ಎರಡು ಸಕ್ಕರೆ ಅಣುಗಳು ಅಂಟಿರುವುದರಿಂದ ಇದು ಎಣ್ಣೆಗೆ ಒಲಿಯುವುದಿಲ್ಲ. ಇರುವುದೂ ಬೀಜದ ಹೊರಸಿಪ್ಪೆಯಲ್ಲಿ. ಹಾಗಾಗಿ ಸೋಸಿದ ಅಗಸೆ ಎಣ್ಣೆಯಲ್ಲಿ, ಅಗಸೆ ಎಣ್ಣೆಯ ಕ್ಯಾಪ್ಸೂಲಿನಲ್ಲಿ ಲಿಗ್ನಾನ್ ಇಲ್ಲವೆನ್ನುವಷ್ಟು ಕಡಿಮೆ. ಒಮೆಗಾ-3ಕ್ಕೆಂದು ಎಣ್ಣೆ ಕೊಳ್ಳುವುದಾದರೆ ಕೊಳ್ಳಲಿ. ಲಿಗ್ನಾನ್‌ಗೆಂದು ಕೊಂಡರೆ ದುಡ್ಡು ದಂಡ. ಎಳ್ಳಿನಲ್ಲಿ ಎಣ್ಣೆ ತೆಗೆದುಕೊಂಡರೆ ಲಿಗ್ನಾನ್ ಬರುತ್ತದೆ. ಅಗಸೆಯಲ್ಲಿ ಎಣ್ಣೆ ತೆಗೆದುಕೊಂಡರೆ ಲಿಗ್ನಾನ್ ಹಿಂದೆ ಉಳಿಯುತ್ತದೆ. ಇಷ್ಟು ತಿಳಿದರೆ ಅಂಗಡಿಯಲ್ಲಿ ಅರ್ಧ ಗೊಂದಲ ತಪ್ಪುತ್ತದೆ.

ಪ್ರಮಾಣದ ಮಾತಿಗೆ ಬಂದರೆ, 2005ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಸಿದ್ಧವಾದ ಆಹಾರ ಪಟ್ಟಿಯಲ್ಲಿ 100 ಗ್ರಾಂ ಅಗಸೆಗೆ ಸುಮಾರು 300 ಮಿಲಿಗ್ರಾಂ ಲಿಗ್ನಾನ್ ಎಂದಿದೆ. ಅದೇ ಪಟ್ಟಿ ಎಳ್ಳಿಗೆ ಕೊಡುವುದು 29 ಮಿಲಿಗ್ರಾಂ ಮಾತ್ರ. ಮೇಲೆ ಎಳ್ಳಿನಲ್ಲಿ ನೂರಾರು ಮಿಲಿಗ್ರಾಂ ಎಂದದ್ದು ಸುಳ್ಳೇ? ಅಲ್ಲ. ಆ ಪಟ್ಟಿಯವರು ಅಳೆದದ್ದು ನಾಲ್ಕು ಬಗೆಯ ಲಿಗ್ನಾನ್‌ಗಳನ್ನು. ಸೆಸಮಿನ್, ಸೆಸಮೋಲಿನ್ ಆ ನಾಲ್ಕರಲ್ಲಿ ಇರಲಿಲ್ಲ. ‘ಎಳ್ಳಿಗಿಂತ ಅಗಸೆಯಲ್ಲಿ 10 ಪಟ್ಟು ಲಿಗ್ನಾನ್’ ಎಂಬ ಪ್ರಚಾರದ ಹಿಂದೆ ಇಂಥ ಅರೆಬರೆ ಓದು ಇರುತ್ತದೆ. ಅಂಕಿ ನೋಡಿದಾಗ ಯಾವುದನ್ನು ಎಣಿಸಿದರು, ಯಾವುದನ್ನು ಬಿಟ್ಟರು ಎಂದು ಕೇಳಲೇಬೇಕು.

ಅಗಸೆಯ ಸಿಪ್ಪೆ ನುಣುಪು, ಗಟ್ಟಿ. ಇಡಿಯಾಗಿ ನುಂಗಿದ ಬೀಜ ಬಹುಪಾಲು ಹಾಗೇ ಹೊರಬೀಳುತ್ತದೆ. ಪುಡಿ ಮಾಡುವುದು ಅನಿವಾರ್ಯ. ಬೀಜವನ್ನು ಸಣ್ಣ ಉರಿಯಲ್ಲಿ 3–4 ನಿಮಿಷ, ಸಿಡಿಯುವ ಸದ್ದು ಶುರುವಾಗುವವರೆಗೆ ಹುರಿಯಿರಿ. ಪೂರ್ತಿ ತಣ್ಣಗಾಗಲಿ. ಬಿಸಿಯಿರುವಾಗಲೇ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗಿ ಬ್ಲೇಡಿನ ಕೆಳಗೆ ಅಂಟಿಕೊಳ್ಳುತ್ತದೆ. ಒಂದೇ ಸಮನೆ ತಿರುಗಿಸದೆ, 4–5 ಸೆಕೆಂಡಿಗೊಮ್ಮೆ ನಿಲ್ಲಿಸಿ ತಿರುಗಿಸಿ. ಉತ್ತರ ಕರ್ನಾಟಕದವರ ಅಗಸೆ ಚಟ್ನಿಪುಡಿಯ ಹಾಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು ಸೇರಿಸಿದರೆ ಅನ್ನ, ರೊಟ್ಟಿ ಎರಡಕ್ಕೂ ಆಗುತ್ತದೆ. ಅಕ್ಕಿರೊಟ್ಟಿಯ ಹಿಟ್ಟಿಗೂ ಬೆರೆಸಬಹುದು. ಎಸ್‌ಡಿಜಿ ಹಂಚಿನ ಕಾವಿಗೆ ಹೆದರುವುದಿಲ್ಲ.

ಕೆಡುವುದು ಅಗಸೆಯ ಎಣ್ಣೆ. ಮರಕ್ಕೆ ಹಚ್ಚುವ ಲಿನ್‌ಸೀಡ್ ಎಣ್ಣೆ ಎಂದರೆ ಇದೇ. ಗಾಳಿ ತಗುಲಿ ಬೇಗ ಗಟ್ಟಿಯಾಗುವ ಗುಣವಿರುವುದರಿಂದಲೇ ಬಣ್ಣಕ್ಕೆ, ವಾರ್ನಿಷ್‌ಗೆ ಬಳಕೆಯಾಯಿತು. ಪುಡಿ ಮಾಡಿದಾಗ ಅದೇ ಗುಣ ನಮಗೆ ತೊಡಕು. ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟರೆ ಪುಡಿ ಮುಗ್ಗುವುದೂ ಬೇಗ. ಒಂದೆರಡು ವಾರಕ್ಕಾಗುವಷ್ಟೇ ಪುಡಿ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಬಾಗಿಲಿಗೆ ಹೊಸದಾಗಿ ಪೇಂಟ್ ಹೊಡೆದಂಥ ವಾಸನೆ ಬಂದರೆ ಎಸೆಯಿರಿ.

ದಿನಕ್ಕೆ ಒಂದು ದೊಡ್ಡ ಚಮಚ ಪುಡಿ, ಅಂದರೆ ಸುಮಾರು 7 ಗ್ರಾಂ, ಆರೋಗ್ಯವಂತರಿಗೆ ಸಾಕು. ಮೇಲಿನ ಅಂಕಿಯ ಪ್ರಕಾರ 20 ಮಿಲಿಗ್ರಾಂ ಆಸುಪಾಸು ಲಿಗ್ನಾನ್ ಆಯಿತು. ಜೊತೆಗೆ ಒಂದು ದೊಡ್ಡ ಲೋಟ ನೀರು ಬೇಕೇ ಬೇಕು. ಅಗಸೆಯ ಲೋಳೆ ನೀರು ಹೀರಿ ಉಬ್ಬುತ್ತದೆ. ನೀರು ಕಡಿಮೆಯಾದರೆ ಮಲಬದ್ಧತೆ ಬಿಡಿಸುವ ಬದಲು ತಾನೇ ಮಲಬದ್ಧತೆ ತರುತ್ತದೆ.

ಜಾಕಾಯಿ, ಜಾಪತ್ರೆ, ಮೆಣಸು

ಮೂಡಿಗೆರೆ, ಸಕಲೇಶಪುರ, ಕೊಪ್ಪದ ತೋಟಗಳಲ್ಲಿ ಅಡಿಕೆ, ಕಾಫಿಯ ನಡುವೆ ಜಾಕಾಯಿ ಮರಗಳಿವೆ. ಹಣ್ಣು ಬಿರಿದಾಗ ಬೀಜದ ಸುತ್ತ ಕೆಂಪು ಜಾಲರಿಯಂತೆ ಕಾಣುವುದು ಜಾಪತ್ರೆ. ಅದರಲ್ಲಿರುವ ಒಂದು ಲಿಗ್ನಾನ್‌ಗೆ ಜಾಪತ್ರೆಯ ಇಂಗ್ಲಿಷ್ ಹೆಸರಿನಿಂದಲೇ ಮೇಸ್‌ಲಿಗ್ನಾನ್ ಎಂದು ಹೆಸರಿಟ್ಟಿದ್ದಾರೆ. ಹಲ್ಲು ಹುಳುಕಿಗೆ ಕಾರಣವಾಗುವ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಅದು ತಡೆದದ್ದಿದೆ. ತಟ್ಟೆಯಲ್ಲಿ ನಡೆದದ್ದೆಲ್ಲ ಬಾಯಲ್ಲಿ ನಡೆಯುತ್ತದೆ ಎಂದಲ್ಲ. ಜಾಕಾಯಿಯಲ್ಲಿ ನಿಯೋಲಿಗ್ನಾನ್‌ಗಳೂ ಹಲವಿವೆ.

ಇಲ್ಲಿ ಎರಡು ಎಚ್ಚರಿಕೆ ಬೇಕು. ಜಾಕಾಯಿ ಹೆಚ್ಚಾದರೆ ಅಪಾಯ. 5 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಇಡೀ ಬೀಜ ತಿಂದವರಿಗೆ ಎದೆ ಬಡಿತ, ವಾಂತಿ, ಭ್ರಮೆ ಆದದ್ದುಂಟು. ಅದಕ್ಕೆ ಮುಖ್ಯ ಕಾರಣ ಲಿಗ್ನಾನ್ ಅಲ್ಲ, ಮಿರಿಸ್ಟಿಸಿನ್ ಎಂಬ ಒಂಟಿ ಸೌಟು. ಅಡುಗೆಗೆ ಚಿಟಿಕೆ ತೇಯ್ದು ಹಾಕುವುದರಿಂದ ತೊಂದರೆಯಿಲ್ಲ. ಎರಡನೆಯದು, ನಮ್ಮ ಘಟ್ಟದ ಕಾಡಿನ ರಾಮಪತ್ರೆಯನ್ನು ಜಾಪತ್ರೆಗೆ ಬೆರೆಸಿ ಮಾರುವುದುಂಟು. ಎರಡೂ ಒಂದೇ ಕುಲದ ಮರಗಳಾದರೂ ರಾಮಪತ್ರೆಗೆ ಆ ಘಮವಿಲ್ಲ. ಅದರ ವಿಶೇಷ ವಸ್ತುಗಳಾದ ಮಲಬಾರಿಕೋನ್‌ಗಳು ಲಿಗ್ನಾನ್‌ಗಳಲ್ಲ. ಉಗುರಿನಲ್ಲಿ ಗೀರಿ ಮೂಸಿದರೆ ವ್ಯತ್ಯಾಸ ತಿಳಿಯುತ್ತದೆ.

ಕಾಳುಮೆಣಸಿನಲ್ಲಿ ಕ್ಯೂಬೆಬಿನ್ ಮೊದಲಾದ ಲಿಗ್ನಾನ್‌ಗಳು ಲವಲೇಶ ಇವೆ. ಕ್ಯೂಬೆಬಿನ್ ಧಾರಾಳವಾಗಿರುವುದು ಅದರ ಬಂಧುವಾದ ಬಾಲಮೆಣಸಿನಲ್ಲಿ. ಒಟ್ಟಿನಲ್ಲಿ ಸಾಂಬಾರ ಪದಾರ್ಥಗಳನ್ನು ನಾವು ಬಳಸುವುದೇ ಚಿಟಿಕೆ ಲೆಕ್ಕದಲ್ಲಿ. ಲಿಗ್ನಾನ್ ಬೇಕೆಂದು ಮೆಣಸು, ಜಾಪತ್ರೆ ಹೆಚ್ಚಿಸುವುದರಲ್ಲಿ ಅರ್ಥವಿಲ್ಲ.

ಬದಲಿಗೆ ಕಾಫಿಯನ್ನು ನೋಡಿ. 100 ಮಿಲಿಲೀಟರ್ ಕಾಫಿಯಲ್ಲಿ ಲಿಗ್ನಾನ್ ಇರುವುದು ಕೆಲವು ಹತ್ತು ಮೈಕ್ರೋಗ್ರಾಂ, ಅಂದರೆ ಮಿಲಿಗ್ರಾಂನ ನೂರರಲ್ಲಿ ಕೆಲವು ಪಾಲು. ಏನೂ ಅಲ್ಲ ಎನ್ನಿಸುತ್ತದೆ. ಆದರೂ ನೆದರ್ಲೆಂಡ್ಸ್‌ನ ಜನರ ಊಟದ ಲೆಕ್ಕ ಹಾಕಿದಾಗ ಅವರ ಲಿಗ್ನಾನ್‌ನಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಪಾಲು ಬಂದದ್ದು ಕಾಫಿ, ಟೀಯಂಥ ಪಾನೀಯಗಳಿಂದ. ಅಗಸೆ, ಎಳ್ಳನ್ನು ಅವರು ಅಪರೂಪಕ್ಕೆ ತಿನ್ನುತ್ತಾರೆ. ಕಾಫಿ ದಿನಕ್ಕೆ ಹಲವು ಸಲ. ಎಲೆಕೋಸಿನ ಜಾತಿಯ ತರಕಾರಿ, ಬೆಳ್ಳುಳ್ಳಿ, ತೌಡು ತೆಗೆಯದ ಧಾನ್ಯಗಳಲ್ಲೂ ಲಿಗ್ನಾನ್ ಸ್ವಲ್ಪ ಸ್ವಲ್ಪ ಇದೆ. ಗೋಧಿಯಲ್ಲಿ ಅದಿರುವುದು ಹೆಚ್ಚಾಗಿ ತೌಡಿನಲ್ಲಿ. ಮೈದಾಕ್ಕೆ ಉಳಿಯುವುದು ಅತ್ಯಲ್ಪ.

ಹೊಟ್ಟೆಯೊಳಗಿನ ಪಲ್ಪರ್, ಕಣ, ಕ್ಯೂರಿಂಗ್

ಕಾಫಿ ಹಣ್ಣನ್ನು ಯಾರೂ ಹಾಗೇ ಪುಡಿ ಮಾಡಿ ಕುಡಿಯುವುದಿಲ್ಲ. ಪಲ್ಪರ್ ಹೊರಸಿಪ್ಪೆ ತೆಗೆಯುತ್ತದೆ, ತೊಟ್ಟಿಯಲ್ಲಿ ಹುದುಗಿ ಲೋಳೆ ಬಿಡುತ್ತದೆ, ಕಣದಲ್ಲಿ ಒಣಗುತ್ತದೆ, ಕ್ಯೂರಿಂಗ್ ಮಾಡುವಲ್ಲಿ ಪಾರ್ಚ್‌ಮೆಂಟ್ ಎಂಬ ಒಳಸಿಪ್ಪೆ ಕಳಚುತ್ತದೆ. ಅಗಸೆಯ ಲಿಗ್ನಾನ್‌ಗೂ ನಮ್ಮ ದೊಡ್ಡಕರುಳಿನಲ್ಲಿ ಇದೇ ರೀತಿ ಹಂತಹಂತದ ಸಂಸ್ಕಾರ ನಡೆಯುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಸಕ್ಕರೆಯನ್ನು ಬಿಡಿಸುತ್ತದೆ. ಇನ್ನೊಂದು, ಉಂಗುರಕ್ಕೆ ಅಂಟಿದ ಮೀಥೈಲ್ ಗುಂಪನ್ನು ಕಳಚುತ್ತದೆ. ಮತ್ತೊಂದು, ಆಮ್ಲಜನಕದ ಒಂದು ಕೊಂಡಿಯನ್ನು ತೆಗೆಯುತ್ತದೆ. ಆಗ ಎಂಟಿರೋಡಯಾಲ್ ಆಗುತ್ತದೆ. ಇನ್ನೊಂದು ಕೈ ದಾಟಿದರೆ ಎಂಟಿರೋಲ್ಯಾಕ್ಟೋನ್. ರಕ್ತಕ್ಕೆ ಸೇರಿ ಮೈಯೆಲ್ಲ ಓಡಾಡುವುದು ಈ ಕೊನೆಯ ಎರಡು.

1980ರಲ್ಲಿ ಇವು ಮೊದಲು ಪತ್ತೆಯಾದಾಗ ಆಹಾರದ ನೆನಪೇ ಯಾರಿಗೂ ಬಂದಿರಲಿಲ್ಲ. ಹೆಂಗಸರ ಮೂತ್ರದಲ್ಲಿ ಮುಟ್ಟಿನ ಚಕ್ರಕ್ಕೆ ತಕ್ಕಂತೆ ಏರಿಳಿಯುವ ಅಪರಿಚಿತ ವಸ್ತು ಸಿಕ್ಕಿತೆಂದು ಎರಡು ತಂಡಗಳು ‘ನೇಚರ್’ ಪತ್ರಿಕೆಯಲ್ಲಿ ಬರೆದವು. ಮನುಷ್ಯನ ಮೈಯೇ ಮಾಡುವ ಹೊಸ ಹಾರ್ಮೋನ್ ಇರಬಹುದೇ ಎಂಬ ಅನುಮಾನವೂ ಇತ್ತು. ಮೂಲ ಇರುವುದು ತಿಂದ ಕಾಳಿನಲ್ಲಿ, ತಯಾರಿಸುವುದು ಕರುಳಿನ ಬ್ಯಾಕ್ಟೀರಿಯಾ ಎಂಬುದು ಸ್ಪಷ್ಟವಾದದ್ದು ಆಮೇಲೆ. ಫಿನ್ಲೆಂಡಿನ ಹರ್ಮನ್ ಆಡ್ಲರ್‌ಕ್ರಾಯ್ಟ್ಸ್ ಈ ವಿಷಯದಲ್ಲಿ ಬಹುಕಾಲ ದುಡಿದವರು.

ಬ್ಯಾಕ್ಟೀರಿಯಾ ನೆಚ್ಚಿಕೊಂಡ ಕೆಲಸವಾದ್ದರಿಂದ ಎರಡು ಪರಿಣಾಮಗಳಿವೆ. ಬೆಳಿಗ್ಗೆ ತಿಂದ ಅಗಸೆಯ ಎಂಟಿರೋಲ್ಯಾಕ್ಟೋನ್ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುವುದು ಸುಮಾರು 20 ಗಂಟೆಯ ನಂತರ. ಅಷ್ಟೇ ಅಲ್ಲ, ಒಂದೇ ಮನೆಯಲ್ಲಿ ಒಂದೇ ಚಟ್ನಿಪುಡಿ ತಿಂದ ಇಬ್ಬರಲ್ಲಿ ಎಂಟಿರೋಲ್ಯಾಕ್ಟೋನ್ ಹಲವು ಪಟ್ಟು ವ್ಯತ್ಯಾಸವಾಗಬಹುದು. ಆ್ಯಂಟಿಬಯಾಟಿಕ್ ತೆಗೆದುಕೊಂಡವರಲ್ಲಿ ಇದು ಕುಸಿಯುತ್ತದೆ, ಮತ್ತೆ ಮೊದಲಿನಂತಾಗಲು ತಿಂಗಳುಗಳೇ ಹಿಡಿಯುತ್ತವೆ.

ಆರೋಗ್ಯದ ಮಾತು ಎಷ್ಟು ನಿಜ?

ಎಂಟಿರೋಲ್ಯಾಕ್ಟೋನ್ ಆಕಾರದಲ್ಲಿ ಸ್ತ್ರೀ ಹಾರ್ಮೋನ್ ಈಸ್ಟ್ರೋಜೆನ್ ಅನ್ನು ಸ್ವಲ್ಪ ಹೋಲುತ್ತದೆ. ಬೀಗದೊಳಗೆ ಹೋಗುವ, ಆದರೆ ಪೂರ್ತಿ ತಿರುಗದ ಬೀಗದ ಕೈ ಎನ್ನಬಹುದು. ಈ ಕಾರಣಕ್ಕೆ ಲಿಗ್ನಾನ್‌ಗಳನ್ನು ಸಸ್ಯ ಈಸ್ಟ್ರೋಜೆನ್‌ಗಳ ಪಟ್ಟಿಗೆ ಸೇರಿಸುತ್ತಾರೆ. ನಿಜವಾದ ಈಸ್ಟ್ರೋಜೆನ್ ಮುಂದೆ ಇದರ ಬಲ ಬಹಳ ಕಡಿಮೆ. ಗಂಡಸರು ಎಳ್ಳು ತಿಂದರೆ ಹಾರ್ಮೋನ್ ಏರುಪೇರಾಗುತ್ತದೆ ಎಂಬ ಭಯ ಬೇಡ.

ಅಗಸೆಯ ವಿಷಯದಲ್ಲಿ ಗಟ್ಟಿ ಪ್ರಯೋಗಗಳಿವೆ. ಕೆನಡಾದಲ್ಲಿ ಕಾಲಿನ ರಕ್ತನಾಳ ಕಟ್ಟಿಕೊಂಡಿದ್ದ 110 ರೋಗಿಗಳ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 30 ಗ್ರಾಂ ಅಗಸೆ ಪುಡಿ ತಿಂದವರ ರಕ್ತದೊತ್ತಡದ ಮೇಲಿನ ಅಂಕಿ 6 ತಿಂಗಳ ನಂತರ, ಅಗಸೆಯಿಲ್ಲದ ಆಹಾರ ತಿಂದವರಿಗಿಂತ ಸುಮಾರು 10 ಅಂಕ ಕಡಿಮೆಯಿತ್ತು. ಇದು ಸಣ್ಣ ಮಾತಲ್ಲ. ಆದರೆ ಆ ಪುಡಿಯಲ್ಲಿ ಲಿಗ್ನಾನ್ ಜೊತೆ ಒಮೆಗಾ-3 ಇತ್ತು, ನಾರೂ ಇತ್ತು. ಯಶಸ್ಸನ್ನೆಲ್ಲ ಲಿಗ್ನಾನ್ ಒಂದರ ಖಾತೆಗೆ ಹಾಕುವಂತಿಲ್ಲ. ‘ರಕ್ತದಲ್ಲಿ ಎಂಟಿರೋಲ್ಯಾಕ್ಟೋನ್ ಹೆಚ್ಚಿದ್ದವರಿಗೆ ಇಂಥ ರೋಗ ಕಡಿಮೆ’ ಎಂಬ ಸುದ್ದಿಗಳನ್ನೂ ಹೀಗೇ ಓದಬೇಕು. ತರಕಾರಿ, ಇಡೀ ಧಾನ್ಯ ತಿನ್ನುವವರಲ್ಲಿ ಎಂಟಿರೋಲ್ಯಾಕ್ಟೋನ್ ಹೇಗೂ ಹೆಚ್ಚಿರುತ್ತದೆ; ರೋಗ ಕಡಿಮೆಯಾದದ್ದು ಆ ಊಟದಿಂದಲೂ ಇರಬಹುದು.

ಕ್ಯಾಪ್ಸೂಲ್ ಕೊಳ್ಳುವ ಮೊದಲು

ಕೀಟದ ಕಿಣ್ವಕ್ಕೆ ಸೆಸಮಿನ್ ಬೆಣೆ ಹೊಡೆಯುತ್ತದೆ ಎಂದೆವಲ್ಲ, ಅದೇ ಕುಟುಂಬದ ಕಿಣ್ವಗಳು ನಮ್ಮ ಯಕೃತ್ತಿನಲ್ಲೂ ಇವೆ. ವಿಟಮಿನ್ ಇ ಗುಂಪಿನ ಗಾಮಾ ಟೊಕೋಫೆರಾಲ್ ಅನ್ನು ಒಡೆಯುವುದು ಅವುಗಳಲ್ಲಿ ಒಂದು. ಎಳ್ಳು ತಿಂದವರ ರಕ್ತದಲ್ಲಿ ಆ ವಿಟಮಿನ್ ಹೆಚ್ಚಾಗಿ ಉಳಿಯುವುದು ಇದೇ ಬೆಣೆಯಿಂದ. ಊಟದ ಪ್ರಮಾಣದಲ್ಲಿ ಇದು ಒಳ್ಳೆಯದೇ. ಆದರೆ ನಾವು ನುಂಗುವ ಹಲವು ಮಾತ್ರೆಗಳನ್ನು ಕರಗಿಸುವುದೂ ಇದೇ ಕುಟುಂಬದ ಕಿಣ್ವಗಳು. ಆದ್ದರಿಂದ ನಿತ್ಯ ಔಷಧ ತೆಗೆದುಕೊಳ್ಳುವವರು ಸೆಸಮಿನ್ ಅನ್ನು ಸಾಂದ್ರ ಮಾಡಿದ ಕ್ಯಾಪ್ಸೂಲನ್ನು ವೈದ್ಯರ ಗಮನಕ್ಕೆ ತಾರದೆ ಶುರುಮಾಡಬಾರದು.

ರಕ್ತ ತಿಳಿಯಾಗಿಸುವ ಮಾತ್ರೆ, ಬಿ.ಪಿ., ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ದಿನವೂ ಅಗಸೆ ಶುರುಮಾಡುವ ಮೊದಲು ವೈದ್ಯರನ್ನು ಕೇಳಿ. ಅಗಸೆಯ ಲೋಳೆ ಮಾತ್ರೆಯನ್ನು ಸುತ್ತಿಕೊಂಡು ಅದು ರಕ್ತಕ್ಕೆ ಸೇರುವುದನ್ನು ತಡ ಮಾಡುತ್ತದೆ. ಎರಡರ ನಡುವೆ ಕನಿಷ್ಠ ಒಂದೆರಡು ಗಂಟೆ ಅಂತರವಿರಲಿ. ಹಾರ್ಮೋನ್‌ಗೆ ಸ್ಪಂದಿಸುವ ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು ಲಿಗ್ನಾನ್ ಕ್ಯಾಪ್ಸೂಲನ್ನು ತಾವಾಗಿ ತೆಗೆದುಕೊಳ್ಳಬಾರದು. ಎಳ್ಳಿನ ಅಲರ್ಜಿ ಇರುವವರಿಗೆ ಒಂದು ಚಿಟಿಕೆಯೂ ಗಂಟಲು ಬಿಗಿಯುವಷ್ಟು ತೀವ್ರವಾಗಬಹುದು. ಎಳ್ಳುಬೆಲ್ಲ ಬೀರುವಾಗ ಪರಿಚಯವಿಲ್ಲದ ಮಕ್ಕಳ ಮನೆಯವರನ್ನು ಒಂದು ಮಾತು ಕೇಳಿ ಕೊಡುವುದು ಒಳ್ಳೆಯದು.

ಗಿಡದ್ದಲ್ಲವೇ, ಏನೂ ಆಗದು ಎನ್ನುವವರಿಗೆ ಇದೇ ಗುಂಪಿನ ಪೊಡೋಫಿಲೋಟಾಕ್ಸಿನ್ ಉತ್ತರ ಕೊಡುತ್ತದೆ. ಹಿಮಾಲಯದ ಪೊಡೋಫಿಲಮ್ ಗಿಡದ ಬೇರಿನಲ್ಲಿರುವ ಈ ಲಿಗ್ನಾನ್ ಜೀವಕೋಶಗಳು ಒಡೆದು ಎರಡಾಗುವುದನ್ನೇ ನಿಲ್ಲಿಸುವ ವಿಷ. ಅದರ ರಚನೆಯನ್ನು ತಿದ್ದಿ ತಯಾರಿಸಿದ ಇಟೊಪೊಸೈಡ್ ಇಂದು ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಗ್ರಾಂ ಅಲ್ಲ, ಮಿಲಿಗ್ರಾಂ ಲೆಕ್ಕದಲ್ಲಿ, ರೋಗಿಯ ಮೈ ಅಳತೆ ನೋಡಿ ಕೊಡುವ ಔಷಧ.